ಹರಿಗೋಲಿನ ಮೈಮೇಲಿನ ಕಲೆಗಳು

ಕೆಲಮಂಗಲದ ಮಕ್ಕಳಿಗೆ ದೋಣಿಯೆಂದರೆ ಪಠ್ಯಪುಸ್ತಕದ ಚಿತ್ರ. ಇಲ್ಲವೇ ಮಳೆ ಬಂದ ಸಂಜೆ ಬೀದಿಯ ನೀರಿನಲ್ಲಿ ತೇಲಿಬಿಡುವ ಕಾಗದದ ಆಟಿಕೆ. ನಮ್ಮದು ಕೆರೆ ಬಾವಿಗಳ ಸೀಮೆ. ಟೊಮ್ಯಾಟೊ, ಎಲೆಕೋಸು, ಗುಲಾಬಿ, ಹಿಪ್ಪುನೇರಳೆಗಳಿಗೆ ಹಾಯುವ ನೀರನ್ನು ನಾವು ಬಲ್ಲೆವು. ಮನುಷ್ಯನನ್ನು ಹೊತ್ತು ಸಾಗುವ ನೀರನ್ನು ಅಷ್ಟಾಗಿ ಅರಿಯೆವು. ಆದರೆ ಕೈಯಿಂದಲೇ ದೋಣಿ ಕಟ್ಟಿ, ಕೈಯಿಂದಲೇ ಅದರ ಗಾಯಗಳನ್ನು ಮುಚ್ಚಿ, ಅದರಲ್ಲಿಯೇ ಬದುಕು ಸಾಗಿಸುವ ಜನರ ಊರು ನಮಗೆ ಬಹಳ ದೂರವೇನೂ ಅಲ್ಲ. ತಳಿಯ ಕಡೆಯ ಬೆಟ್ಟಗಳಲ್ಲಿ ಹುಟ್ಟುವ ಚಿನ್ನಾರು ಪಂಚಪಳ್ಳಿ, ಪಾಲಕೋಡು ಸೀಮೆಗಳನ್ನು ಹಾದು ಕೊನೆಗೆ ಕಾವೇರಿಯನ್ನು ಕೂಡುವುದು ಹೊಗೇನಕಲ್ಲಿನಲ್ಲಿ. ನಮ್ಮ ಬೆಟ್ಟಗಳ ಮಳೆನೀರು ಹಿಡಿದ ದಾರಿಯನ್ನೇ ಹಿಡಿದು ಹೋದರೆ ಸಿಗುವ ಊರು ಅದು.

ಹೊಗೇನಕಲ್ಲಿಗೆ ಹೋಗುವವರೆಲ್ಲ ಜಲಪಾತವನ್ನು ನೋಡಿ, ಮೀನು ತಿಂದು, ಎಣ್ಣೆ ತಿಕ್ಕಿಸಿಕೊಂಡು, ಸ್ನಾನ ಮಾಡಿ ಬರುತ್ತಾರೆ. ಹರಿಗೋಲಿನಲ್ಲಿ ಕುಳಿತು ಒಂದು ಸುತ್ತು ತಿರುಗುತ್ತಾರೆ. ಆದರೆ ಆ ಹರಿಗೋಲಿನ ತಳವನ್ನು ಕಣ್ಣಿಟ್ಟು ನೋಡುವವರು ಕಡಿಮೆ. ದಡದಲ್ಲಿ ಬೋರಲು ಹಾಕಿದ ಹರಿಗೋಲುಗಳ ಕಪ್ಪು ಬೆನ್ನಿನ ಮೇಲೆ ಗೀರು, ಗುಳ್ಳೆ, ಬಿರುಕು, ತೇಪೆಗಳ ಒಂದು ದೊಡ್ಡ ಬರಹವೇ ಇದೆ. ಅದನ್ನು ಓದಲು ಕಲಿತವನಿಗೆ ಮರದ ಕೆಲಸದ ಅರ್ಧ ವಿದ್ಯೆ ಬಂದಂತೆಯೇ ಸರಿ. ಯಾವ ಕಲೆಯನ್ನು ಸರಿಪಡಿಸಬೇಕು, ಯಾವುದನ್ನು ಇದ್ದಂತೆಯೇ ಬಿಡಬೇಕು ಎಂಬ ವಿವೇಕವೇ ಆ ವಿದ್ಯೆಯ ತಿರುಳು.

ಎರಡು ದಾರಿಗಳು

ಕೆಲಮಂಗಲದಿಂದ ಹೊಗೇನಕಲ್ಲಿಗೆ ಎರಡು ದಾರಿಗಳಿವೆ. ಒಂದು ರೈಲಿನದು. ಬೆಂಗಳೂರಿನಿಂದ ಹೊಸೂರಿನ ಮೇಲೆ ಸೇಲಂ ಕಡೆಗೆ ಹೋಗುವ ಮಾರ್ಗದಲ್ಲಿ ಕೆಲಮಂಗಲ ನಿಲ್ದಾಣವಿದೆ. ಅಲ್ಲಿಂದ ರಾಯಕೋಟೆ, ಮಾರಂಡಹಳ್ಳಿ, ಪಾಲಕೋಡುಗಳನ್ನು ಕಳೆದು ಧರ್ಮಪುರಿಯಲ್ಲಿ ಇಳಿದರೆ, ಪೆನ್ನಾಗರದ ಮೇಲೆ ಹೊಗೇನಕಲ್ಲಿಗೆ ಸುಮಾರು 46 ಕಿಲೋಮೀಟರುಗಳ ಬಸ್ಸಿನ ದಾರಿ. ಮನೆಮಂದಿಯೊಡನೆ ಹೋಗುವವರಿಗೆ ಇದು ಸುಖದ ದಾರಿ.

ಇನ್ನೊಂದು ದಾರಿ ಡೆಂಕಣಿಕೋಟೆಯ ಬೇಟರಾಯಸ್ವಾಮಿಗೆ ಕೈಮುಗಿದು, ಅಂಚೆಟ್ಟಿಯ ಮೇಲೆ ಕಾಡಿನ ನಡುವೆ ಇಳಿಯುವ ದಾರಿ. ತಿರುವುಗಳು ಹೆಚ್ಚು, ಆನೆಗಳ ಸಂಚಾರವೂ ಉಂಟು, ಹೊತ್ತು ಮುಳುಗುವ ಮೊದಲೇ ದಾಟಬೇಕು. ಈ ಕಾಡಿನ ದೊಡ್ಡ ಭಾಗವನ್ನು 2014ರಲ್ಲಿ ಕಾವೇರಿ ಉತ್ತರ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ದೋಣಿಯನ್ನು ನೋಡಲು ಹೋಗುವವನಿಗೆ ಈ ದಾರಿಯೇ ತಕ್ಕುದು. ಏಕೆಂದರೆ ಹರಿಗೋಲಿನ ಕತೆ ನೀರಿನಲ್ಲಿ ಆರಂಭವಾಗುವುದಿಲ್ಲ. ಇಂಥ ಕಾಡುಗಳ ಬಿದಿರು ಮೆಳೆಗಳಲ್ಲಿ ಆರಂಭವಾಗುತ್ತದೆ.

ಬಿದಿರು ನಮಗೆ ಹೊಸದಲ್ಲ. ರೇಷ್ಮೆ ಸಾಕಿದ ಮನೆಗಳಲ್ಲಿ ಹುಳು ಗೂಡು ಕಟ್ಟುವ ಚಂದ್ರಿಕೆ ಬಿದಿರಿನದೇ. ಹುಳುವಿಗೆ ಸೊಪ್ಪು ಹಾಕುವ ತಟ್ಟೆಯೂ ಬಿದಿರಿನದೇ. ನಮ್ಮ ಅಜ್ಜಿಯರು ಹೊಸ ಮೊರ ತಂದೊಡನೆ ಅದರ ಸಂದುಗಳಿಗೆ ಸಗಣಿ ಸಾರಿಸುತ್ತಿದ್ದರು; ಕೆಲವರು ನೆನೆಸಿದ ಕಾಗದವನ್ನು ಮೆಂತ್ಯದ ಜೊತೆ ರುಬ್ಬಿ ಬಳಿದು ಒಣಗಿಸುತ್ತಿದ್ದರು. ಹೆಣಿಗೆ ಬಲವನ್ನು ಕೊಡುತ್ತದೆ, ಲೇಪ ಸಂದನ್ನು ಮುಚ್ಚುತ್ತದೆ. ಹರಿಗೋಲು ಎಂಬುದು ಇದೇ ಲೆಕ್ಕಾಚಾರದ ದೊಡ್ಡ ರೂಪ. ಮೊರದಲ್ಲಿ ರಾಗಿ ಸೋರಬಾರದು. ಹರಿಗೋಲಿನಲ್ಲಿ ನದಿ ಸೋರಬಾರದು.

ಬಂಡೆಗಳ ನಡುವಿನ ನದಿ

ಹೊಗೆಯಂತೆ ಏಳುವ ತುಂತುರು, ಅದರ ಅಡಿಯಲ್ಲಿ ಕಲ್ಲು. ಊರಿನ ಹೆಸರು ಅಚ್ಚ ಕನ್ನಡದ್ದು. ಕಾವೇರಿ ಇಲ್ಲಿ ಎರಡು ರಾಜ್ಯಗಳ ಗಡಿ. ಈಚೆ ದಡ ಧರ್ಮಪುರಿ ಜಿಲ್ಲೆ, ಆಚೆ ದಡ ಚಾಮರಾಜನಗರ ಜಿಲ್ಲೆ. ನದಿ ಬಂಡೆಗಳ ನಡುವೆ ಹಲವು ಕವಲಾಗಿ ಒಡೆದು, ಬೀಳಾಗಿ ಇಳಿದು, ಮತ್ತೆ ಕಡಿದಾದ ಗೋಡೆಗಳ ನಡುವೆ ಒಂದಾಗಿ ಹರಿದು, ಕೆಳಗೆ 1934ರಲ್ಲಿ ಪೂರ್ಣಗೊಂಡ ಮೆಟ್ಟೂರು ಅಣೆಕಟ್ಟಿನ ಹಿನ್ನೀರನ್ನು ಸೇರುತ್ತದೆ. ಇಲ್ಲಿಯ ಬಂಡೆಗಳಲ್ಲಿ ಕಾರ್ಬೊನಟೈಟ್ ಎಂಬ ಅಪರೂಪದ ಶಿಲೆಯೂ ಇರುವುದರಿಂದ ಭೂವಿಜ್ಞಾನಿಗಳಿಗೂ ಈ ಊರಿನ ಪರಿಚಯವುಂಟು.

ಇಂಥ ನದಿಯಲ್ಲಿ ಹಲಗೆಯ ದೋಣಿ ಬಾಳಲಾರದು. ಹಲಗೆಯ ದೋಣಿಗೆ ಉದ್ದವಿದೆ, ಚೂಪಾದ ಮೂತಿಯಿದೆ, ಬಿಗಿದ ಕೀಲುಗಳಿವೆ. ಬಂಡೆಗೆ ಜೋರಾಗಿ ತಾಗಿದರೆ ಹಲಗೆ ಸೀಳುತ್ತದೆ, ಕೀಲು ಸಡಿಲುತ್ತದೆ. ಹರಿಗೋಲು ದುಂಡಗಿನ ಬುಟ್ಟಿ. ಅದಕ್ಕೆ ಮುಂದಿಲ್ಲ, ಹಿಂದಿಲ್ಲ. ಬಂಡೆ ತಾಗಿದರೆ ಅದು ಸ್ವಲ್ಪ ಬಗ್ಗಿ, ಸ್ವಲ್ಪ ತಿರುಗಿ, ಪಕ್ಕಕ್ಕೆ ಜಾರುತ್ತದೆ. ತಳ ಚಪ್ಪಟೆಯಾದ್ದರಿಂದ ಮೊಣಕಾಲುದ್ದದ ನೀರಿನಲ್ಲಿಯೂ ತೇಲುತ್ತದೆ. ನೀರು ಮುಗಿದು ಬಂಡೆ ಬಂದರೆ ಅಂಬಿಗನು ಅದನ್ನು ಬೋರಲಾಗಿಸಿ ತಲೆಯ ಮೇಲೆ ಹೊತ್ತು ನಡೆಯುತ್ತಾನೆ. ದೂರದಿಂದ ನೋಡಿದರೆ ದೊಡ್ಡದೊಂದು ಆಮೆ ಎದ್ದು ಹೊರಟಂತೆ ಕಾಣುತ್ತದೆ.

ನಾವು ಇದನ್ನು ಹರಿಗೋಲು ಎನ್ನುತ್ತೇವೆ, ಕೆಲವರು ತೆಪ್ಪ ಎನ್ನುತ್ತಾರೆ, ತಮಿಳಿನಲ್ಲಿ ಪರಿಸಲ್. ಇದರ ಬಳಗ ದೊಡ್ಡದು. 1520ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಆನೆಗೊಂದಿಯ ಬಳಿ ಜನರು ತೊಗಲು ಹೊದಿಸಿದ ಬುಟ್ಟಿಯಂಥ ದುಂಡು ದೋಣಿಗಳಲ್ಲಿ ಹೊಳೆ ದಾಟುವುದನ್ನು ಬಣ್ಣಿಸಿದ್ದಾನೆ. ಅವು ನೇರವಾಗಿ ಹೋಗದೆ ತಿರುಗುತ್ತಲೇ ಇರುತ್ತವೆ ಎಂಬುದನ್ನೂ ಅವನು ಗಮನಿಸಿದ್ದ. ಅವನಿಗೂ ಸುಮಾರು 2000 ವರ್ಷಗಳ ಹಿಂದೆ ಗ್ರೀಕ್ ಇತಿಹಾಸಕಾರ ಹೆರೊಡೋಟಸ್, ಬ್ಯಾಬಿಲೋನಿಗೆ ಸರಕು ತರುತ್ತಿದ್ದ ದುಂಡನೆಯ ತೊಗಲು ದೋಣಿಗಳನ್ನು ಕುರಿತು ಬರೆದ. ಹೊಳೆಯ ಸೆಳೆತಕ್ಕೆ ಎದುರಾಗಿ ಅವು ಹಿಂದಿರುಗಲಾರವು. ಆದುದರಿಂದ ವ್ಯಾಪಾರಿಗಳು ಚೌಕಟ್ಟನ್ನು ಅಲ್ಲಿಯೇ ಮಾರಿ, ತೊಗಲನ್ನು ಕತ್ತೆಯ ಮೇಲೆ ಹೇರಿಕೊಂಡು ನಡೆದು ಮರಳುತ್ತಿದ್ದರಂತೆ. ಇರಾಕಿನ ಟೈಗ್ರಿಸ್ ನದಿಯಲ್ಲಿ ಇಪ್ಪತ್ತನೆಯ ಶತಮಾನದವರೆಗೂ ಓಡಾಡಿದ ಕುಫ್ಫ ಎಂಬ ಬುಟ್ಟಿದೋಣಿಗೆ ನೆಲದಿಂದ ಉಕ್ಕುವ ಕಪ್ಪು ಡಾಂಬರನ್ನೇ ಬಳಿಯುತ್ತಿದ್ದರು. ಬ್ರಿಟನ್ನಿನ ವೇಲ್ಸ್ ಪ್ರಾಂತದ ಟೀವಿ ನದಿಯಲ್ಲಿ ಬೆತ್ತದಂಥ ಕಡ್ಡಿಗಳ ಹೆಣಿಗೆಗೆ ಬಟ್ಟೆ ಹೊದಿಸಿ ಡಾಂಬರು ಬಳಿದ ಪುಟ್ಟ ದೋಣಿಗಳನ್ನು ಮೀನುಗಾರರು ಬೆನ್ನಿಗೆ ಹೊತ್ತು ನಡೆಯುತ್ತಿದ್ದರು.

ನಮ್ಮ ಊರಿಗೂ ಈ ಕತೆಯ ಎಳೆಯೊಂದು ತಾಗುತ್ತದೆ. ಟಿಪ್ಪು ಸುಲ್ತಾನನ ಮೇಲೆ ಶ್ರೀರಂಗಪಟ್ಟಣಕ್ಕೆ ಹೊರಟ ಜನರಲ್ ಹ್ಯಾರಿಸನ ಸೈನ್ಯ 1799ರ ಮಾರ್ಚ್ ತಿಂಗಳಲ್ಲಿ ಕೆಲಮಂಗಲದಲ್ಲಿ ಬೀಡುಬಿಟ್ಟಿತ್ತು. ಆ ಸೈನ್ಯದಲ್ಲಿದ್ದ ಆರ್ಥರ್ ವೆಲ್ಲೆಸ್ಲಿ ಮುಂದೆ 1803ರಲ್ಲಿ ಮರಾಠರ ಮೇಲೆ ದಂಡೆತ್ತಿ ಹೋದಾಗ ತುಂಬಿದ ಹೊಳೆಗಳನ್ನು ದಾಟಲು ಇಂಥ ಬುಟ್ಟಿದೋಣಿಗಳನ್ನೇ ಮಾಡಿಸಿದ. 1815ರಲ್ಲಿ ವಾಟರ್‌ಲೂ ಎಂಬಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ವೆಲ್ಲಿಂಗ್ಟನ್ ಡ್ಯೂಕ್ ಅವನೇ.

ಕಟ್ಟುವ ಬಗೆ

ಹಸಿರು ಬಿದಿರನ್ನು ಉದ್ದಕ್ಕೆ ಸೀಳಿ ದಬ್ಬೆಗಳನ್ನು ಮಾಡುತ್ತಾರೆ. ಸಮತಟ್ಟಾದ ನೆಲದ ಮೇಲೆ ದಬ್ಬೆಗಳನ್ನು ಒಂದರ ಮೇಲೊಂದು ಹಾಯಿಸಿ ಹೆಣೆಯುತ್ತಾ ಮೊದಲು ತಳವನ್ನು ಮಾಡುತ್ತಾರೆ. ತಳ ಮೇಲೇಳದಂತೆ ಅದರ ಮೇಲೆ ಭಾರದ ಕಲ್ಲುಗಳನ್ನು ಹೇರುತ್ತಾರೆ. ಆಮೇಲೆ ಹೊರಚಾಚಿದ ದಬ್ಬೆಗಳನ್ನು ಸುತ್ತಲೂ ಮೇಲಕ್ಕೆ ಬಗ್ಗಿಸಿ, ಗೋಡೆಯಂತೆ ಹೆಣೆದು, ಬಾಯಿಯ ಅಂಚಿಗೆ ಬಿದಿರಿನ ದಪ್ಪ ಬಳೆಯನ್ನು ಕಟ್ಟಿ ಬಿಗಿಯುತ್ತಾರೆ. ಹಿಂದಿನ ಕಾಲದಲ್ಲಿ ಈ ಬುಟ್ಟಿಗೆ ಎತ್ತು ಎಮ್ಮೆಗಳ ತೊಗಲನ್ನು ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆ ಇಲ್ಲವೇ ಚೀಲಗಳನ್ನು ಹೊದಿಸಿ, ಕಾಯಿಸಿದ ಡಾಂಬರನ್ನು ಬಳಿಯುತ್ತಾರೆ. ಸುಮಾರು ಏಳೂವರೆ ಅಡಿ ಅಡ್ಡಳತೆಯ ಹರಿಗೋಲಿನಲ್ಲಿ ಎಂಟು ಮಂದಿ ಕುಳಿತುಕೊಳ್ಳಬಹುದು. ನಡೆಸಲು ಒಂದೇ ಒಂದು ಮರದ ಹುಟ್ಟು.

ಇದರಲ್ಲಿ ಮೊಳೆಯಿಲ್ಲ, ಸ್ಕ್ರೂ ಇಲ್ಲ, ಅಳತೆಯ ನಕ್ಷೆಯೂ ಇಲ್ಲ. ಆದುದರಿಂದಲೇ ಎರಡು ಹರಿಗೋಲುಗಳು ಒಂದೇ ಅಚ್ಚಿನಂತೆ ಇರುವುದಿಲ್ಲ. ಒಂದರ ಬಾಯಿ ತುಸು ಮೊಟ್ಟೆಯಾಕಾರ, ಇನ್ನೊಂದರ ಅಂಚು ಒಂದು ಕಡೆ ಎತ್ತರ. ಕಾರ್ಖಾನೆಯ ಕಣ್ಣಿಗೆ ಇವು ದೋಷ. ನೀರಿಗೆ ಇವು ಲೆಕ್ಕಕ್ಕಿಲ್ಲ.

ಯಾವುದು ಕಲೆ, ಯಾವುದು ಗಾಯ

ದಡದಲ್ಲಿ ಒಬ್ಬ ಹಿರಿಯರು ತಮ್ಮ ಹರಿಗೋಲನ್ನು ಬೋರಲು ಹಾಕಿ ಅದರ ಬೆನ್ನನ್ನು ಅಂಗೈಯಿಂದ ಸವರುತ್ತಿದ್ದರು. ಕೆಲಮಂಗಲದಿಂದ ಬಂದವರೆಂದು ತಿಳಿದೊಡನೆ ತಮಿಳನ್ನು ಬಿಟ್ಟು ಕನ್ನಡಕ್ಕೆ ಹೊರಳಿದರು. ಹರಿಗೋಲಿನ ಬೆನ್ನಿನ ಮೇಲೆ ಎದ್ದುಕಾಣುವ ಉದ್ದನೆಯ ಬಿಳಿಯ ಗೀರೊಂದಿತ್ತು. ಅದನ್ನು ಮುಟ್ಟದೆ ಅವರು ಪಕ್ಕದಲ್ಲಿದ್ದ, ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಗುಳ್ಳೆಯೊಂದನ್ನು ಒತ್ತಿ ಒತ್ತಿ ನೋಡುತ್ತಿದ್ದರು.

“ಅಣ್ಣಾ, ಇಷ್ಟು ದೊಡ್ಡ ಗೀರನ್ನ ಹಾಗೇ ಬಿಟ್ಟಿದ್ದೀರಲ್ಲ?” ಎಂದು ಕೇಳಿದೆ.

“ಅದು ಕಲ್ಲು ಕೊಟ್ಟ ಮುತ್ತು ಸಾರ್, ಡಾಂಬರಿನ ಮೇಲೆ ಮಾತ್ರ ಐತೆ,” ಎಂದು ನಕ್ಕರು. “ಕಣ್ಣಿಗೆ ಕಾಣೋ ಕಲೆ ಬೇರೆ, ನೀರಿಗೆ ಕಾಣೋ ಕಲೆ ಬೇರೆ. ನೀರಿಗೆ ಕಾಣೋದನ್ನ ಮೊದಲು ನೋಡಬೇಕು.”

ಆ ಗಳಿಗೆಯಿಂದ ಮುಂದಿನ ಒಂದು ತಾಸು ಅವರು ತೋರಿಸಿದುದನ್ನು ಇಲ್ಲಿ ಒಟ್ಟಾಗಿ ಹೇಳಬಹುದು.

ಗೀರು ಡಾಂಬರಿನ ದಪ್ಪದೊಳಗೇ ನಿಂತಿದ್ದರೆ ಅದು ಬರಿಯ ಕಲೆ. ಬಿಸಿಲು ಕಾದ ಹೊತ್ತಿನಲ್ಲಿ ಡಾಂಬರು ಮೆತ್ತಗಾದಾಗ ಉಜ್ಜಿದರೆ ಅರ್ಧ ಮಾಯವಾಗುತ್ತದೆ. ಮುಂದಿನ ಲೇಪದಲ್ಲಿ ಪೂರ್ತಿ ಮುಚ್ಚಿಹೋಗುತ್ತದೆ. ಅವಸರವಿಲ್ಲ. ಗೀರಿನೊಳಗೆ ಹಾಳೆಯ ಬಣ್ಣ ಕಂಡರೆ ಮಾತ್ರ ಅದು ಗಾಯ.

ಗುಳ್ಳೆಯ ಮಾತು ಬೇರೆ. ಅದು ನಯವಾಗಿ, ಹೊಳಪಾಗಿ, ನೋಡಲು ನಿರುಪದ್ರವಿಯಾಗಿ ಇರುತ್ತದೆ. ಆದರೆ ಅದರ ಅಡಿಯಲ್ಲಿ ಡಾಂಬರು ಹಾಳೆಯನ್ನು ಬಿಟ್ಟಿರುತ್ತದೆ. ತೇವ ಇರುವಾಗಲೇ ಲೇಪ ಬಳಿದರೆ, ಮಣ್ಣು ಉಳಿದಿದ್ದರೆ, ಬಿಸಿಗೆ ಒಳಗಿನ ಗಾಳಿ ಉಬ್ಬಿ ಗುಳ್ಳೆಯಾಗುತ್ತದೆ. ಬಂಡೆಯೊಂದು ಉಜ್ಜಿದರೆ ಅದೇ ಜಾಗದಲ್ಲಿ ಸಿಪ್ಪೆ ಏಳುತ್ತದೆ. ಅದನ್ನು ಕೊಯ್ದು, ಒಳಗನ್ನು ಒಣಗಿಸಿ, ಮತ್ತೆ ಅಂಟಿಸಬೇಕು.

ಬಲೆಯಂತೆ ಹರಡಿದ ಸಣ್ಣ ಬಿರುಕುಗಳು ಡಾಂಬರು ಮುದಿಯಾಗುವುದರ ಗುರುತು. ವರ್ಷಗಟ್ಟಲೆ ಬಿಸಿಲು ತಿಂದ ಡಾಂಬರು ತನ್ನ ಜಿಗುಟನ್ನು ಕಳೆದುಕೊಂಡು ಗಡುಸಾಗುತ್ತದೆ. ಹರಿಗೋಲು ಬಗ್ಗಿದಾಗ ಅದು ಬಗ್ಗದೆ ಒಡೆಯುತ್ತದೆ. ಇದರ ಮೇಲೆ ಹೊಸ ಡಾಂಬರನ್ನು ದಪ್ಪನಾಗಿ ಸುರಿದರೆ ಹರಿಗೋಲು ಭಾರವಾಗುವುದೇ ಹೊರತು ಬಲವಾಗದು. ಸಡಿಲಾದುದನ್ನು ಕೆರೆದು ತೆಗೆದು, ತೆಳುವಾಗಿ ಬಳಿಯಬೇಕು.

ತೇಪೆ ಹಾಕುವುದಕ್ಕೂ ಒಂದು ಕ್ರಮವಿದೆ. ಮೊದಲು ಪೂರ್ತಿ ಒಣಗಬೇಕು. ಸುತ್ತಲಿನ ಮರಳನ್ನು ಒರೆಸಬೇಕು. ತೇಪೆಯ ತುಂಡು ತೂತಿಗಿಂತ ಎಲ್ಲ ಕಡೆಗೂ ಒಂದು ಅಂಗೈಯಷ್ಟು ದೊಡ್ಡದಿರಬೇಕು. ಅದರ ಮೂಲೆಗಳನ್ನು ದುಂಡಗೆ ಕತ್ತರಿಸಬೇಕು. ಚೂಪಾದ ಮೂಲೆಯಿದ್ದರೆ ನೀರು ಅಲ್ಲಿಂದಲೇ ಅದನ್ನು ಎಬ್ಬಿಸುತ್ತದೆ. ನಡುವಿನಿಂದ ಹೊರಗೆ ಒತ್ತುತ್ತಾ ಹೋಗಬೇಕು, ಗಾಳಿ ಒಳಗೆ ಸಿಕ್ಕಿಕೊಳ್ಳಬಾರದು. ಕೊನೆಗೆ ತೇಪೆಯ ಅಂಚಿನ ಮೇಲೆ ಇನ್ನೊಂದು ಕೈ ಬಳಿಯಬೇಕು. ಹೀಗೆ ಹಾಕಿದ ತೇಪೆ ನೋಡಲು ಒರಟು. ಆದರೆ ಹರಿಗೋಲಿನ ಮೈಯಲ್ಲಿ ಅದಕ್ಕಿಂತ ಗಟ್ಟಿಯಾದ ಜಾಗ ಇನ್ನೊಂದಿರುವುದಿಲ್ಲ.

ಇವೆಲ್ಲ ಹೊರಗಿನ ಮಾತಾಯಿತು. ನಿಜವಾದ ಅಪಾಯ ಒಳಗಡೆ ಇರುತ್ತದೆ. ದಬ್ಬೆಯೊಂದು ಮುರಿದು ಮುಳ್ಳಿನಂತೆ ಚಾಚಿದ್ದರೆ, ಅದು ಒಳಗಿನಿಂದಲೇ ಹಾಳೆಯನ್ನು ಚುಚ್ಚುತ್ತದೆ. ಹೆಣಿಗೆಯ ಕೆಳಗೆ ತಿಳಿ ಹಳದಿಯ ನುಣ್ಣನೆಯ ಪುಡಿ ಉದುರಿದ್ದರೆ ಬಿದಿರಿಗೆ ಹುಳು ಹಿಡಿದಿದೆ ಎಂದರ್ಥ. ಕನ್ನಡದಲ್ಲಿ ಹುಳುಕು ಎಂಬ ಮಾತಿಗೆ ಹುಳು ತಿಂದದ್ದು ಎಂಬ ಅರ್ಥವೂ ಇದೆ, ಮುಚ್ಚಿಟ್ಟ ದೋಷ ಎಂಬ ಅರ್ಥವೂ ಇದೆ. ಬಿದಿರಿನಲ್ಲಿರುವ ಗಂಜಿಯ ಅಂಶವೇ ಆ ಹುಳುವಿನ ಆಹಾರ. ಕಡಿದ ಬಿದಿರನ್ನು ಕೆಲವು ವಾರ ಹರಿಯುವ ನೀರಿನಲ್ಲಿ ನೆನೆಹಾಕಿದರೆ ಗಂಜಿ ತೊಳೆದುಹೋಗಿ ಹುಳುವಿನ ಕಾಟ ಕಡಿಮೆಯಾಗುತ್ತದೆ. ಕಟ್ಟುವ ಮೊದಲು ಮಾಡಬೇಕಾದ ಈ ಕೆಲಸವನ್ನು ಬಿಟ್ಟು, ಕಟ್ಟಿದ ಮೇಲೆ ಎಷ್ಟು ಡಾಂಬರು ಬಳಿದರೂ ಫಲವಿಲ್ಲ.

ಹಿರಿಯರು ಕೊನೆಗೆ ಹರಿಗೋಲಿನ ಅಂಚನ್ನೆತ್ತಿ, “ಒಳಗೆ ಬಗ್ಗಿ ನೋಡಿ ಸಾರ್,” ಎಂದರು. ಬೋರಲು ಬುಟ್ಟಿಯ ಕತ್ತಲೆಯೊಳಗೆ ಕುಳಿತು ತಲೆಯೆತ್ತಿದರೆ, ಒಂದೇ ಒಂದು ಕಡೆ ಸಾಸಿವೆಯಷ್ಟು ಬೆಳಕು ಚುಕ್ಕೆಯಾಗಿ ಹೊಳೆಯುತ್ತಿತ್ತು. ಹೊರಗಿನಿಂದ ಆ ಜಾಗದಲ್ಲಿ ಯಾವ ಕಲೆಯೂ ಕಂಡಿರಲಿಲ್ಲ.

ಹುಟ್ಟಿನ ಮರ

ಹರಿಗೋಲು ಬಿದಿರಿನದಾದರೂ ಹುಟ್ಟು ಮರದ್ದು. ಮರದ ಮೇಲಿನ ಕಲೆಗಳಿಗೆ ಬೇರೆಯ ಶಾಸ್ತ್ರವಿದೆ. ಮನೆಯಲ್ಲಿ ಮರದ ಆಟದ ದೋಣಿಯನ್ನೋ, ಮಣೆಯನ್ನೋ, ಶಾಲೆಯ ಪ್ರದರ್ಶನಕ್ಕೆ ಮಾದರಿಯನ್ನೋ ಮಾಡುವ ಮಕ್ಕಳಿಗೆ ಇದು ನೇರವಾಗಿ ಒದಗುತ್ತದೆ.

ಮರ ಎಲ್ಲಾದರೂ ತಗ್ಗಿದ್ದರೆ ಅಲ್ಲಿ ಮರ ಕಳೆದುಹೋಗಿರುವುದಿಲ್ಲ. ಅದರ ಎಳೆಗಳು ಅದುಮಿ ಕುಳಿತಿರುತ್ತವೆ. ಒದ್ದೆ ಬಟ್ಟೆಯನ್ನು ಮಡಿಸಿ ಅದರ ಮೇಲಿಟ್ಟು, ಹಿರಿಯರು ಬಿಸಿಯಾದ ಇಸ್ತ್ರಿಪೆಟ್ಟಿಗೆಯನ್ನು ಕೆಲವು ಕ್ಷಣ ಒತ್ತಿದರೆ, ಆವಿ ಒಳಹೊಕ್ಕು ಎಳೆಗಳು ಉಬ್ಬಿ ಬಹುಮಟ್ಟಿಗೆ ಮೊದಲಿನ ಮಟ್ಟಕ್ಕೆ ಬರುತ್ತವೆ. ಒಣಗಿದ ಮೇಲೆ ಉಪ್ಪುಕಾಗದದಿಂದ ಉಜ್ಜಬೇಕು. ಉಜ್ಜುವಾಗ ಯಾವಾಗಲೂ ಮರದ ಎಳೆ ಹೋದ ದಿಕ್ಕಿನಲ್ಲಿಯೇ ಉಜ್ಜಬೇಕು. ಅಡ್ಡಲಾಗಿ ಉಜ್ಜಿದರೆ ಒಂದು ಕಲೆಯನ್ನು ತೆಗೆಯಲು ಹೋಗಿ ನೂರು ಗೀರುಗಳನ್ನು ಎಬ್ಬಿಸಿದಂತಾಗುತ್ತದೆ.

ಸಣ್ಣ ಸೀಳು, ಮೊಳೆಯ ತೂತುಗಳಿಗೆ ಅದೇ ಮರದ ನುಣ್ಣನೆಯ ಪುಡಿಯನ್ನು ಅಂಟಿನಲ್ಲಿ ಕಲಸಿ ತುಂಬುತ್ತಾರೆ. ಒಣಗಿದಾಗ ಅದು ತುಸು ಕುಗ್ಗುವುದರಿಂದ ಮಟ್ಟಕ್ಕಿಂತ ಸ್ವಲ್ಪ ಹೆಚ್ಚಾಗಿಯೇ ತುಂಬಿ ಆಮೇಲೆ ಉಜ್ಜಬೇಕು. ನೀರಿಗಿಳಿಯುವ ವಸ್ತುವಾದರೆ ಅಂಟು ನೀರನ್ನು ತಡೆಯುವಂಥದ್ದೇ ಆಗಿರಬೇಕು. ಕಾಗದ ಅಂಟಿಸುವ ಅಂಟು ಮೊದಲ ಮುಳುಗಿಗೇ ಬಿಟ್ಟುಕೊಳ್ಳುತ್ತದೆ.

ಕಬ್ಬಿಣದ ಮೊಳೆಯ ಸುತ್ತ ಮರ ಕಪ್ಪಾಗುವುದನ್ನು ಎಲ್ಲರೂ ಕಂಡಿದ್ದಾರೆ. ಮರದಲ್ಲಿರುವ ಒಗರು ಕಬ್ಬಿಣದೊಡನೆ ಕೂಡಿದಾಗ ಆ ಕಪ್ಪು ಹುಟ್ಟುತ್ತದೆ. ಅಳಲೆಕಾಯಿಯ ಒಗರಿಗೆ ಕಬ್ಬಿಣ ಸೇರಿಸಿ ಹಿಂದಿನವರು ಶಾಯಿ ಮಾಡಿದ್ದು ಇದೇ ಗುಣದಿಂದ. ಆದುದರಿಂದ ಆ ಕಲೆಯನ್ನು ಕೊಳೆಯೆಂದು ಸಾಬೂನಿನಿಂದ ತೊಳೆದರೆ ಹೋಗದು. ಅದು ಮರದೊಳಗೆ ಮೂಡಿದ ಶಾಯಿ. ಹುಳಿ ಅದನ್ನು ತೆಳುವಾಗಿಸುತ್ತದೆ. ನಿಂಬೆರಸ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ನೀರಿನಿಂದ ಒರೆಸಿದರೆ ಹೊಸ ಕಲೆ ಮಾಸುತ್ತದೆ. ಆದರೆ ಮೊಳೆ ಅಲ್ಲಿಯೇ ತುಕ್ಕು ಹಿಡಿಯುತ್ತಿದ್ದರೆ ಕಲೆ ಮತ್ತೆ ಬಂದೇ ಬರುತ್ತದೆ.

ಬಿಸಿಲು ಮಳೆಗಳಲ್ಲಿ ಬಿದ್ದ ಮರ ಬೂದಿಬಣ್ಣಕ್ಕೆ ತಿರುಗುತ್ತದೆ. ನೋಡಿದವರು ಮರ ಸತ್ತಿತು ಎನ್ನುತ್ತಾರೆ. ಬಿಸಿಲು ಮರದ ಎಳೆಗಳನ್ನು ಬೆಸೆದಿರುವ ವಸ್ತುವನ್ನು ಮೇಲ್ಪದರದಲ್ಲಿ ಮಾತ್ರ ಒಡೆಯುತ್ತದೆ, ಮಳೆ ಅದನ್ನು ತೊಳೆದೊಯ್ಯುತ್ತದೆ, ಬೂದಿಬಣ್ಣದ ನಾರು ಉಳಿಯುತ್ತದೆ. ತೆಳುವಾಗಿ ಕೆರೆದರೆ ಒಳಗೆ ಮೊದಲಿನ ಬಣ್ಣವೇ ಇರುತ್ತದೆ. ಇದು ಕಣ್ಣಿಗೆ ಕಾಣುವ ಕಲೆ. ಇದಕ್ಕೆ ಬದಲಾಗಿ, ಬಣ್ಣ ಚೆನ್ನಾಗಿಯೇ ಇದ್ದು, ದಬ್ಬಣದ ತುದಿ ಬೆಣ್ಣೆಯಲ್ಲಿ ಇಳಿದಂತೆ ಇಳಿದರೆ ಅದು ಕೊಳೆತ ಮರ. ಅದಕ್ಕೆ ಲೇಪವಿಲ್ಲ, ಕತ್ತರಿಸಿ ತೆಗೆಯುವುದೇ ಮದ್ದು.

ಮಂಜೇಶ್ವರ, ಕುಂಬಳೆ, ಕಾಸರಗೋಡುಗಳ ನಮ್ಮ ಓದುಗರಿಗೆ ಹಲಗೆಯ ದೋಣಿಗಳು ಹೊಸದಲ್ಲ. ಪಶ್ಚಿಮ ಕರಾವಳಿಯಲ್ಲಿ ಮರಕ್ಕೆ ಗೇರುಬೀಜದ ಸಿಪ್ಪೆಯ ಎಣ್ಣೆ, ಮೀನೆಣ್ಣೆಗಳನ್ನು ಕುಡಿಸುವ ವಾಡಿಕೆಯಿದೆ. ಬಣ್ಣ ಮೇಲೆ ನಿಲ್ಲುತ್ತದೆ, ಎಣ್ಣೆ ಒಳಗಿಳಿಯುತ್ತದೆ. ಎಣ್ಣೆ ಕುಡಿದ ದೋಣಿ ಕಪ್ಪಾಗಿ, ಅಂದಗೆಟ್ಟು ಕಾಣಬಹುದು. ಆದರೆ ಅದರ ಮೈ ಒಡೆದರೆ ಒಡೆದದ್ದು ಕಾಣುತ್ತದೆ.

ಬಣ್ಣದ ಅಡಿಯಲ್ಲಿ

ಈ ಮಾತನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕಾಗಿದೆ. ರಜೆಯ ದಿನಗಳಲ್ಲಿ ಹೊಗೇನಕಲ್ಲಿಗೆ ಬರುವ ಪ್ರವಾಸಿಗರು ದಡದಲ್ಲಿ ನಿಂತು ಹರಿಗೋಲುಗಳನ್ನು ಕಣ್ಣಿನಲ್ಲಿಯೇ ಆರಿಸುತ್ತಾರೆ. ತೇಪೆ ಕಂಡರೆ ಹಿಂದೆ ಸರಿಯುತ್ತಾರೆ. ಹೊಸದಾಗಿ ಕಪ್ಪಗೆ ಹೊಳೆಯುವುದನ್ನು ಬಯಸುತ್ತಾರೆ. ಹೀಗಾದಾಗ ದುಡಿಯುವವನು ಏನು ಮಾಡಬೇಕು? ಒಂದು ವಾರ ಕೂತು ಒಳಗಿನ ದಬ್ಬೆಯನ್ನು ಬದಲಾಯಿಸಿದರೆ ಯಾರಿಗೂ ಕಾಣದು. ಒಂದು ಸಂಜೆಯಲ್ಲಿ ಮೇಲೆಲ್ಲ ಡಾಂಬರು ಬಳಿದರೆ ಎಲ್ಲರಿಗೂ ಕಾಣುತ್ತದೆ. ಕಣ್ಣಿನ ಕಲೆಗೇ ಬೆಲೆ ಕಟ್ಟುವ ಗಿರಾಕಿ ತನಗರಿಯದೆಯೇ ನೀರಿನ ಕಲೆಯನ್ನು ಮುಚ್ಚಿಡಲು ಹೇಳಿಕೊಟ್ಟಂತಾಗುತ್ತದೆ. ಎಂಟು ಜೀವಗಳು ಕೂರುವ ಬುಟ್ಟಿಯ ವಿಷಯದಲ್ಲಿ ಇದು ಸಣ್ಣ ಮಾತಲ್ಲ.

ಈಚೆಗೆ ಕೆಲವು ನದಿಗಳಲ್ಲಿ ಫೈಬರ್ ಹರಿಗೋಲುಗಳೂ ಬಂದಿವೆ. ಅವು ನುಣ್ಣಗಿವೆ, ಒಂದರಂತೆ ಇನ್ನೊಂದಿವೆ. ಅವು ಬೇಡವೆಂದು ಯಾರೂ ಹೇಳಲಾರರು. ಆದರೆ ಬಿದಿರಿನ ಹರಿಗೋಲನ್ನು ಅಂಬಿಗನೇ ಕಟ್ಟುತ್ತಾನೆ, ಅಂಬಿಗನೇ ಸರಿಪಡಿಸುತ್ತಾನೆ. ಅದು ಕೆಟ್ಟರೆ ಯಾವ ಪಟ್ಟಣಕ್ಕೂ ಹೊತ್ತು ಹೋಗಬೇಕಾಗಿಲ್ಲ. ತೇಪೆಯನ್ನು ನೋಡಿ ಮೂಗು ಮುರಿಯುವವರು ಹೆಚ್ಚಿದಂತೆ ಈ ಸ್ವಾವಲಂಬನೆಯ ವಿದ್ಯೆ ತೆಳುವಾಗುತ್ತದೆ.

ಹೊಳೆಯ ದಡದಲ್ಲಿ ಆ ಹಿರಿಯರ ಮಾತನ್ನು ಕೇಳುತ್ತಿದ್ದಾಗ ಇನ್ನೊಂದು ವಿಷಯವೂ ಮನಸ್ಸಿಗೆ ಬಂತು. ಅವರ ಕನ್ನಡದಲ್ಲಿ ತಮಿಳಿನ ಮಾತುಗಳು ಅಲ್ಲಲ್ಲಿ ಇದ್ದವು. ನಮ್ಮ ಮನೆಗಳ ಕನ್ನಡದಲ್ಲಿಯೂ ತಮಿಳು ಇದೆ, ತೆಲುಗು ಇದೆ. ಬೆಂಗಳೂರಿನ ನೆಂಟರು ಕೇಳಿ ನಗುವುದುಂಟು. ಆ ನಗೆಗೆ ನಾಚಿ ನ‌ಮ್ಮ ಮಕ್ಕಳು ಮಾತನ್ನೇ ನಿಲ್ಲಿಸುವುದೂ ಉಂಟು. ನಮ್ಮ ಮಾತಿನಲ್ಲಿ ಪರಿಸಲು ಎಂಬ ಪದ ಬಂದು ಕುಳಿತರೆ ಅದು ತೇಪೆ. ಹರಿಗೋಲು ಎಂಬ ಪದವೇ ಮಕ್ಕಳಿಗೆ ತಿಳಿಯದೆ ಹೋದರೆ ಅದು ತೂತು. ಎರಡನ್ನೂ ಒಂದೇ ಎಂದು ಎಣಿಸಬಾರದು.

ಹೋಗುವವರಿಗೆ

ಮಳೆಗಾಲದಲ್ಲಿ ಮೇಲಿನ ಜಲಾಶಯಗಳಿಂದ ನೀರು ಬಿಟ್ಟು ಹೊಳೆ ಏರಿದಾಗ ಜಿಲ್ಲಾಡಳಿತವು ಹರಿಗೋಲುಗಳನ್ನೂ ಸ್ನಾನವನ್ನೂ ನಿಲ್ಲಿಸುತ್ತದೆ. ಆಡಿ ಹದಿನೆಂಟರ ಜಾತ್ರೆಯ ಹೊತ್ತಿಗೆ ಹಲವು ಸಲ ಹೀಗಾಗುತ್ತದೆ. ಹೊರಡುವ ಮೊದಲು ವಿಚಾರಿಸಿಕೊಂಡೇ ಹೊರಡಬೇಕು. ನಿಲ್ಲಿಸಿದ ದಿನ ಹೆಚ್ಚು ದುಡ್ಡಿನ ಆಸೆ ತೋರಿಸಿ ಯಾರನ್ನೂ ನೀರಿಗಿಳಿಸಬಾರದು. ಮಳೆ ಕಳೆದು ಹೊಳೆ ತಿಳಿಯಾದ ಮೇಲಿನ ತಿಂಗಳುಗಳು ಕುಟುಂಬಗಳಿಗೆ ಒಳ್ಳೆಯವು. ರಕ್ಷಾ ಕವಚವನ್ನು ದೊಡ್ಡವರೂ ಚಿಕ್ಕವರೂ ತೊಟ್ಟು, ಅದರ ಪಟ್ಟಿಗಳನ್ನು ಬಿಗಿದುಕೊಂಡೇ ಹತ್ತಬೇಕು. ಹತ್ತಿದ ಮೇಲೆ ಎದ್ದು ನಿಲ್ಲಬಾರದು, ಎಲ್ಲರೂ ಒಂದೇ ಕಡೆಗೆ ವಾಲಬಾರದು. ದುಂಡು ದೋಣಿ ಸಮತೂಕದಿಂದ ಮಾತ್ರ ನಿಲ್ಲುತ್ತದೆ.

ಹತ್ತುವ ಮೊದಲು ಮಕ್ಕಳನ್ನು ಒಮ್ಮೆ ಹರಿಗೋಲಿನ ಸುತ್ತ ನಡೆಸಿ. ಒಳಗೆ ಮುರಿದ ದಬ್ಬೆಯಿದೆಯೇ, ಕೆಳಗೆ ನೀರು ನಿಂತಿದೆಯೇ, ಅಂಚಿನ ಕಟ್ಟು ಬಿಗಿಯಾಗಿದೆಯೇ ಎಂದು ಅವರೇ ನೋಡಲಿ. ತೇಪೆಗಳನ್ನು ಎಣಿಸಲಿ. ಅವುಗಳಲ್ಲಿ ಎಲ್ಲಕ್ಕಿಂತ ಹಳೆಯದು ಯಾವುದು, ಅದು ಯಾವ ಬಂಡೆಯ ಗುರುತು ಎಂದು ಅಂಬಿಗನನ್ನು ಕೇಳಲಿ. ಕನ್ನಡದಲ್ಲಿಯೇ ಕೇಳಲಿ, ಹೊಗೇನಕಲ್ಲಿನಲ್ಲಿ ಉತ್ತರ ಕನ್ನಡದಲ್ಲಿಯೂ ಸಿಗುತ್ತದೆ.